ಧರ್ಮದ ದಟ್ಟಿಗೆ ಮೊಳ ಹಾಕುವುದು

ಲಿಬ್ರೆಆಫೀಸ್ ಬೇಕೆಂದು ಅದರ ತಾಣಕ್ಕೆ ಹೋಗುತ್ತೇವೆ, 'ಡೌನ್‌ಲೋಡ್' ಗುಂಡಿ ಒತ್ತುತ್ತೇವೆ, ಚಹಾ ಮಾಡಿಕೊಂಡು ಬರುವಷ್ಟರಲ್ಲಿ ಕಡತ ಬಂದು ಕೂತಿರುತ್ತದೆ. ಯಾರು ಕೊಟ್ಟರು ಎಂದು ಕೇಳಿದರೆ ಲಿಬ್ರೆಆಫೀಸ್‌ನವರು ಎನ್ನುತ್ತೇವೆ. ಅದು ಪೂರ್ತಿ ನಿಜವಲ್ಲ. ಕೊಟ್ಟದ್ದು ಬಹುಶಃ ನೀವು ಹೆಸರೂ ಕೇಳಿರದ ಯಾವುದೋ ವಿಶ್ವವಿದ್ಯಾಲಯದ ಸರ್ವರ್, ಇಲ್ಲವೇ ಒಂದು ಇಂಟರ್ನೆಟ್ ಕಂಪನಿ ತನ್ನ ಡೇಟಾ ಸೆಂಟರಿನ ಮೂಲೆಯಲ್ಲಿ ಪುಕ್ಕಟೆಯಾಗಿ ನಡೆಸುತ್ತಿರುವ ಯಂತ್ರ. ಗುಂಡಿ ಒತ್ತಿದ ಕ್ಷಣದಲ್ಲಿ ನಿಮ್ಮ ಪರವಾಗಿ ಇನ್ಯಾರೋ ಒಂದು ಆಯ್ಕೆ ಮಾಡಿದ್ದಾರೆ. ಆ ಆಯ್ಕೆಗೆ ಯಾರು ಹೊಣೆ ಎಂಬುದು ನನ್ನ ಪ್ರಶ್ನೆ.

ಇದನ್ನು ಓದುತ್ತಿರುವವರಲ್ಲಿ ಸಾಕಷ್ಟು ಜನ ಸಾಫ್ಟ್‌ವೇರಿನವರೇ ಇರಬಹುದು. ಅಲ್ಲದವರಿಗಾಗಿ ಒಂದಿಷ್ಟು ವಿವರ. ಒಂದು ಉಚಿತ ತಂತ್ರಾಂಶ ಜನಪ್ರಿಯವಾದರೆ ಅದರ ಕಡತವನ್ನು ಜಗತ್ತಿಗೆಲ್ಲ ಹಂಚುವ ಶಕ್ತಿ ಅದನ್ನು ಬರೆದ ನಾಲ್ಕಾರು ಜನರಿಗೆ ಇರುವುದಿಲ್ಲ. ಆಗ ಬೇರೆಬೇರೆ ಊರಿನವರು 'ನಮ್ಮಲ್ಲೂ ಒಂದು ಪ್ರತಿ ಇಟ್ಟುಕೊಂಡು ಹಂಚುತ್ತೇವೆ' ಎಂದು ಮುಂದೆ ಬರುತ್ತಾರೆ. ಅವರ ಸರ್ವರಿಗೆ ಮಿರರ್ ಎಂದು ಹೆಸರು. ಐರ್ಲೆಂಡಿನ ಶಿಕ್ಷಣ ಮತ್ತು ಸಂಶೋಧನಾ ಜಾಲವಾದ ಹೀನೆಟ್ ಇಂಥ ಕೆಲಸವನ್ನು ವರ್ಷಗಟ್ಟಲೆ ಮಾಡಿದೆ. ನಮ್ಮ ಐಐಟಿ ಕಾನ್ಪುರದ ಕಂಪ್ಯೂಟರ್ ಸೈನ್ಸ್ ವಿಭಾಗವೂ ಮಿರರ್ ನಡೆಸಿದೆ. ಡೆಬಿಯನ್ ಲಿನಕ್ಸಿನ ಪೂರ್ತಿ ಪ್ರತಿ ಇಟ್ಟುಕೊಳ್ಳಬೇಕಾದರೆ ಹಲವು ಟೆರಾಬೈಟ್ ಜಾಗ ಬೇಕು, ದಿನಕ್ಕೆ ಕೆಲವು ಬಾರಿ ಮೂಲದೊಂದಿಗೆ ತಾಳೆ ಹಾಕಿ ಹೊಸದನ್ನು ತರಬೇಕು, ಡಿಸ್ಕ್ ಕೆಟ್ಟರೆ ಬದಲಿಸಬೇಕು. ಇದಕ್ಕೆ ಸಂಬಳವಿಲ್ಲ.

ಇಷ್ಟೆಲ್ಲ ಮಿರರ್‌ಗಳಿದ್ದಾಗ ಯಾರನ್ನು ಎಲ್ಲಿಗೆ ಕಳಿಸಬೇಕು? ಅದಕ್ಕೆಂದೇ ನಡುವೆ ಒಂದು ತಂತ್ರಾಂಶ ಕೂತಿರುತ್ತದೆ. ಓಪನ್‌ಸೂಸೆಗಾಗಿ ಹುಟ್ಟಿದ ಮಿರರ್‌ಬ್ರೈನ್, ವಿಎಲ್‌ಸಿ ಕೊಡುವ ವಿಡಿಯೋಲ್ಯಾನ್‌ನವರಿಗಾಗಿ ಬರೆದ ಮಿರರ್‌ಬಿಟ್ಸ್ ಇಂಥವು. ನಿಮ್ಮ ಐಪಿ ವಿಳಾಸ ನೋಡಿ ಯಾವ ದೇಶದವರು ಎಂದು ಅಂದಾಜು ಮಾಡುತ್ತದೆ, ಹತ್ತಿರದ ಮಿರರ್‌ಗಳಲ್ಲಿ ಯಾವುದು ಬದುಕಿದೆ, ಯಾವುದರಲ್ಲಿ ಈ ಕಡತ ಬಂದಿದೆ, ಯಾವುದಕ್ಕೆ ಎಷ್ಟು ತ್ರಾಣ ಎಂದು ಲೆಕ್ಕ ಹಾಕುತ್ತದೆ, ಆಮೇಲೆ ಚೂರು ಲಾಟರಿಯನ್ನೂ ಬೆರೆಸಿ 'ಅಲ್ಲಿಗೆ ಹೋಗು' ಎಂದು ನಿಮ್ಮ ಬ್ರೌಸರಿಗೆ ಹೇಳುತ್ತದೆ. ದೊಡ್ಡ ಸರ್ವರಿಗೆ ಹೆಚ್ಚು ಜನ, ಚಿಕ್ಕದಕ್ಕೆ ಕಡಿಮೆ. ಇದೇ ಲೋಡ್ ಬ್ಯಾಲೆನ್ಸಿಂಗ್. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸವಾದ್ದರಿಂದ ಯಾರೋ ನಮ್ಮನ್ನು ಇನ್ಯಾರದೋ ಮನೆಗೆ ಕಳಿಸಿದರು ಎಂಬುದು ನಮ್ಮ ಗಮನಕ್ಕೇ ಬರುವುದಿಲ್ಲ.

ಮಿರರ್ ಎಂದರೆ ನನಗೆ ನೆನಪಾಗುವುದು ಅರವಟ್ಟಿಗೆ. ದಾರಿಹೋಕರಿಗೆಂದು ನೀರಿಡುವ ಈ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು. ಶಾಸನಗಳಲ್ಲಿ ಅರವಂಟಿಗೆ ಎಂಬ ರೂಪದಲ್ಲಿ ಈ ಮಾತು ಸಿಗುತ್ತದೆ. ನೀರು ಇಟ್ಟವನಿಗೆ ಕುಡಿದವನ ಹೆಸರು ಗೊತ್ತಿಲ್ಲ, ಕುಡಿದವನಿಗೆ ಇಟ್ಟವನ ಮುಖ ಗೊತ್ತಿಲ್ಲ. ಋಣವೂ ಇಲ್ಲ, ಉಪಕಾರ ಮಾಡಿದೆನೆಂಬ ಜಂಬಕ್ಕೂ ಜಾಗವಿಲ್ಲ. ಆದರೆ ಹೋಲಿಕೆಯನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದರೆ ಅದು ಕುಂಟುತ್ತದೆ. ಅರವಟ್ಟಿಗೆಯ ನೀರು ಅದೇ ಊರಿನ ಬಾವಿಯದು. ಮಿರರ್‌ನಲ್ಲಿರುವುದು ಇನ್ನೊಬ್ಬರ ಬಾವಿಯ ನೀರು. ದಾರಿಹೋಕ ಮಡಕೆಯನ್ನು ನೋಡಿ, ಬೇಡವೆನಿಸಿದರೆ ಮುಂದೆ ನಡೆಯುತ್ತಾನೆ. ಇಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಯಾವುದೋ ಒಂದು ಮಡಕೆಯ ಮುಂದೆ ನಿಲ್ಲಿಸಲಾಗುತ್ತದೆ. ನೈತಿಕ ಪ್ರಶ್ನೆ ಹುಟ್ಟುವುದು ಈ ಎರಡನೆಯ ವ್ಯತ್ಯಾಸದಿಂದ.

2017ರ ಮೇ ತಿಂಗಳಲ್ಲಿ ನಡೆದದ್ದನ್ನು ನೋಡಿ. ಹ್ಯಾಂಡ್‌ಬ್ರೇಕ್ ಎಂಬುದು ವಿಡಿಯೋ ಕಡತಗಳನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಉಚಿತ ತಂತ್ರಾಂಶ. ಅದರ ಡೌನ್‌ಲೋಡಿನ ಹೊರೆಯನ್ನು ಎರಡು ಸರ್ವರ್‌ಗಳು ಹಂಚಿಕೊಂಡಿದ್ದವು. ಅವುಗಳಲ್ಲಿ ಒಂದರೊಳಗೆ ಯಾರೋ ನುಗ್ಗಿ, ಮ್ಯಾಕ್ ಕಂಪ್ಯೂಟರಿಗಾಗಿ ಇಟ್ಟಿದ್ದ 1.0.7 ಆವೃತ್ತಿಯ ಕಡತವನ್ನು ತೆಗೆದು, ನೋಡಲು ಅದರಂತೆಯೇ ಇರುವ, ಒಳಗೆ ಪ್ರೋಟಾನ್ ಎಂಬ ಕಳ್ಳ ತಂತ್ರಾಂಶ ತುಂಬಿದ ಇನ್ನೊಂದನ್ನು ಇಟ್ಟರು. ಮೇ 2ರಿಂದ ಮೇ 6ರವರೆಗೆ ಅದು ಅಲ್ಲಿತ್ತು. ಇನ್ನೊಂದು ಸರ್ವರಿಗೆ ಏನೂ ಆಗಿರಲಿಲ್ಲ. ಹೀಗಾಗಿ ಹ್ಯಾಂಡ್‌ಬ್ರೇಕಿನವರು ಹೊರಡಿಸಿದ ಎಚ್ಚರಿಕೆಯಲ್ಲಿ ಒಂದು ವಿಚಿತ್ರ ಮಾತು ಸೇರಿಕೊಂಡಿತು: ಈ ದಿನಗಳಲ್ಲಿ ನೀವು ಡೌನ್‌ಲೋಡ್ ಮಾಡಿಕೊಂಡಿದ್ದರೆ ನಿಮ್ಮ ಯಂತ್ರ ಕೆಟ್ಟಿರುವ ಸಾಧ್ಯತೆ ಐವತ್ತಕ್ಕೆ ಐವತ್ತು.

ಹೊರೆಯನ್ನು ಸಮನಾಗಿ ಹಂಚಲೆಂದು ಮಾಡಿದ ಏರ್ಪಾಡು ಆ ನಾಲ್ಕು ದಿನ ಕೇಡನ್ನೂ ಅಷ್ಟೇ ಸಮನಾಗಿ ಹಂಚಿತು. ಒಂದೇ ಕೋಣೆಯಲ್ಲಿ ಕೂತ ಇಬ್ಬರು ಒಂದೇ ಗುಂಡಿ ಒತ್ತಿದ್ದರೆ ಒಬ್ಬರಿಗೆ ಒಳ್ಳೆಯದು, ಇನ್ನೊಬ್ಬರಿಗೆ ವಿಷ ಸಿಗಬಹುದಿತ್ತು. ವಿಷ ಸಿಕ್ಕವರಲ್ಲಿ ಮ್ಯಾಕ್‌ಗಾಗಿ ತಂತ್ರಾಂಶ ಬರೆಯುವ ಪ್ಯಾನಿಕ್ ಎಂಬ ಪುಟ್ಟ ಕಂಪನಿಯ ಸ್ಥಾಪಕರೊಬ್ಬರು ಇದ್ದರು. ಆ ಕಂಪನಿಯ ಮೂಲ ಸಂಕೇತವೇ ಕಳುವಾಯಿತು, ಕದ್ದವರು ಹಣ ಕೇಳಿದರು. ಕಂಪನಿ ಕೊಡಲಿಲ್ಲ, ನಡೆದದ್ದನ್ನೆಲ್ಲ ತಾನೇ ಬಹಿರಂಗವಾಗಿ ಬರೆದು ಹಾಕಿತು. ಕಂಪ್ಯೂಟರನ್ನು ಅರೆದು ಕುಡಿದವರಿಗೇ ಹೀಗಾಯಿತು ಎಂದರೆ ಉಳಿದವರ ಮಾತೇನು.

ಅದೃಷ್ಟ ಮತ್ತು ಹೊಣೆಯ ಸಂಬಂಧವನ್ನು 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ ಎಂಬ ಇಬ್ಬರು ತತ್ತ್ವಶಾಸ್ತ್ರಜ್ಞರು ಚರ್ಚೆಗೆ ತಂದರು. ಅವರ ಉದಾಹರಣೆ ಒಬ್ಬ ಲಾರಿ ಚಾಲಕನದು. ತಪ್ಪಿಲ್ಲದೆಯೂ ಅವನ ಲಾರಿಗೆ ಒಂದು ಮಗು ಸಿಕ್ಕಿ ಸತ್ತರೆ, ರಸ್ತೆ ಬದಿಯಲ್ಲಿ ನಿಂತು ನೋಡಿದವನ ಮರುಕವೂ ಚಾಲಕನ ಸಂಕಟವೂ ಒಂದೇ ಬಗೆಯದಲ್ಲ ಎನ್ನುತ್ತಾರೆ ವಿಲಿಯಮ್ಸ್. ನೇಗೆಲ್ ಇನ್ನೊಂದು ಕಡೆಯಿಂದ ಕೇಳುತ್ತಾರೆ: ಇಬ್ಬರು ಚಾಲಕರು ಒಂದೇ ಮಟ್ಟದ ಅಜಾಗರೂಕರು, ಒಬ್ಬನ ದಾರಿಗೆ ಮಗು ಬಂತು, ಇನ್ನೊಬ್ಬನ ದಾರಿಗೆ ಬರಲಿಲ್ಲ. ಮೊದಲನೆಯವನನ್ನೇ ಹೆಚ್ಚು ದೂಷಿಸುತ್ತೇವೆ, ಯಾಕೆ? ಮಿರರ್‌ಗಳ ಲೋಕದಲ್ಲಿ ಈ ಪ್ರಶ್ನೆ ಪುಸ್ತಕದಲ್ಲಿ ಉಳಿಯುವುದಿಲ್ಲ. 2012ರ ಸೆಪ್ಟೆಂಬರಿನಲ್ಲಿ ಸೋರ್ಸ್‌ಫೋರ್ಜ್‌ನ ಹತ್ತಾರು ಮಿರರ್‌ಗಳ ಪೈಕಿ ಕೊರಿಯಾದ ಒಂದರಲ್ಲಿ ಪಿಎಚ್‌ಪಿಮೈಅಡ್ಮಿನ್ ತಂತ್ರಾಂಶದ ಕಡತಕ್ಕೆ ಕಳ್ಳಬಾಗಿಲು ಇಡಲಾಗಿತ್ತು. ಸುಮಾರು 400 ಜನ ಅದನ್ನು ಇಳಿಸಿಕೊಂಡರು. ಉಳಿದ ಮಿರರ್ ನಡೆಸುವವರೆಲ್ಲ ಇದಕ್ಕಿಂತ ಜಾಗರೂಕರಾಗಿದ್ದರೆಂದು ನಂಬಲು ಕಾರಣವಿಲ್ಲ. ಕಳ್ಳ ಅವರ ಬಾಗಿಲಿಗೆ ಬರಲಿಲ್ಲ, ಅಷ್ಟೇ. ಆ 400 ಜನರೂ ಉಳಿದವರಿಗಿಂತ ಪೆದ್ದರಾಗಿರಲಿಲ್ಲ.

ಹಾಗಾದರೆ ಹೊಣೆ ಯಾರದು? ನುಗ್ಗಿದ ಕಳ್ಳನದು ಎಂಬುದು ನಿಜ, ಆದರೆ ಆ ಉತ್ತರ ನಮ್ಮನ್ನು ಎಲ್ಲಿಗೂ ಒಯ್ಯುವುದಿಲ್ಲ. ಮಿರರ್ ನಡೆಸುವವರು 'ನಾವು ಪ್ರತಿ ಇಡುವವರಷ್ಟೇ' ಎನ್ನುತ್ತಾರೆ. ತಂತ್ರಾಂಶದವರು 'ಕೆಟ್ಟದ್ದು ನಮ್ಮ ಕಡತವಲ್ಲ, ಮಿರರ್‌ನಲ್ಲಿದ್ದದ್ದು' ಎನ್ನಬಹುದು. ದಾರಿ ತೋರಿಸುವ ತಂತ್ರಾಂಶಕ್ಕೆ ಬಾಯಿಯೇ ಇಲ್ಲ. ಬಳಸುವವನಿಗೆ 'ನೀನು ಪರೀಕ್ಷಿಸಬೇಕಿತ್ತು' ಎಂಬ ಉಪದೇಶ ಕಾದಿರುತ್ತದೆ. ಕೆಲಸ ಹಲವರಲ್ಲಿ ಹಂಚಿಹೋದಾಗ ಹೊಣೆ ಯಾರ ಪಾಲಿಗೂ ಬಾರದಂತೆ ತೆಳ್ಳಗಾಗುವುದು ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಹೊಸ ಅನುಭವವೇನಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪಣೆ ಇದೆ. ಹೈದರಾಬಾದಿನಲ್ಲಿರುವ ಸ್ನೇಹಿತನೊಬ್ಬ ಪ್ರತಿ ಸಲವೂ ಇದನ್ನೇ ಎತ್ತುತ್ತಾನೆ: ಪುಕ್ಕಟೆ ಬರೆದಿದ್ದಾರೆ, ಪುಕ್ಕಟೆ ಹಂಚಿದ್ದಾರೆ, ಯಾವ ಭರವಸೆಯೂ ಇಲ್ಲ ಎಂದು ಲೈಸೆನ್ಸಿನಲ್ಲೇ ದೊಡ್ಡಕ್ಷರದಲ್ಲಿ ಅಚ್ಚು ಹಾಕಿದ್ದಾರೆ, ಇನ್ನು ಅವರ ಕೊರಳಪಟ್ಟಿ ಹಿಡಿಯುವುದು ಯಾವ ನ್ಯಾಯ? ನಮ್ಮಲ್ಲಿ ಗಾದೆಯೇ ಇದೆಯಲ್ಲ, ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ಸೊಂಟಕ್ಕೆ ಸುತ್ತಿಕೊಳ್ಳುವ ಬಟ್ಟೆಯನ್ನು ದಾನವಾಗಿ ಕೊಟ್ಟರೆ, ತೆಗೆದುಕೊಂಡವನು ಕಣ್ಮರೆಯಲ್ಲಿ ಅದರ ಉದ್ದ ಅಳೆದು ನೋಡಿದ ಎಂದು ಗಾದೆ ಅವನನ್ನು ಆಡಿಕೊಳ್ಳುತ್ತದೆ.

ಗಾದೆಯಲ್ಲಿ ಅರ್ಧ ಸತ್ಯವಿದೆ. ಡೌನ್‌ಲೋಡ್ ನಿಧಾನವಾಯಿತೆಂದು ಮಿರರ್ ನಡೆಸುವವರಿಗೆ ಬೈಗುಳ ಬರೆಯುವವನು ಹಿತ್ತಲಲ್ಲಿ ಮೊಳ ಹಾಕುವವನೇ. ದಾನ ಎಷ್ಟು ಸಿಕ್ಕಿತು ಎಂದು ಅಳೆಯುವುದು ಕೃತಘ್ನತೆ. ಆದರೆ ಸಿಕ್ಕಿದ್ದು ದಟ್ಟಿಯೇ ಹೌದೋ ಎಂದು ಬಿಚ್ಚಿ ನೋಡುವುದು ಬೇರೆ ವಿಷಯ, ಗಾದೆ ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟಿದೆ. ಅಂಗಡಿಯಲ್ಲಿ ಚಿಲ್ಲರೆ ಕೊಡುವಾಗ ಒಳ್ಳೆಯ ಅಂಗಡಿಯವನು ತಾನೇ 'ಎಣಿಸ್ಕೊಳ್ಳಿ' ಎನ್ನುತ್ತಾನೆ. ಅವನ ಮುಂದೆಯೇ ಎಣಿಸಿಕೊಳ್ಳುತ್ತೇವೆ, ಇಬ್ಬರಿಗೂ ಬೇಸರವಿಲ್ಲ. ಎಣಿಸುವುದನ್ನು ಅವಮಾನವೆಂದು ತಿಳಿದು ಮುಖ ಸಿಂಡರಿಸುವವನ ಹತ್ತಿರವೇ ಎಣಿಸಿಕೊಳ್ಳುವ ಅಗತ್ಯ ಹೆಚ್ಚು.

ಡೆಬಿಯನ್‌ನವರ ಏರ್ಪಾಡು ಈ 'ಎಣಿಸ್ಕೊಳ್ಳಿ' ಎಂಬ ಮಾತನ್ನು ಯಂತ್ರಕ್ಕೆ ಕಲಿಸಿದಂತಿದೆ. ಅಲ್ಲಿ ಪ್ರತಿ ಪ್ಯಾಕೇಜಿಗೂ ಒಂದು ಬೆರಳಚ್ಚು ಇರುತ್ತದೆ, ಆ ಬೆರಳಚ್ಚುಗಳ ಪಟ್ಟಿಗೆ ಯೋಜನೆಯವರ ಡಿಜಿಟಲ್ ಸಹಿ ಇರುತ್ತದೆ. ಸಹಿ ಪರೀಕ್ಷಿಸುವ ಕೀಲಿ ನಿಮ್ಮ ಯಂತ್ರದಲ್ಲಿ ಮೊದಲೇ ಇದೆ. ಕಡತ ಕಾನ್ಪುರದಿಂದ ಬರಲಿ, ಡಬ್ಲಿನ್‌ನಿಂದ ಬರಲಿ, ಒಂದು ಬಿಟ್ ಬದಲಾದರೂ ಆಪ್ಟ್ ಅದನ್ನು ಒಳಗೆ ಬಿಡುವುದಿಲ್ಲ. ಮಿರರ್ ನಡೆಸುವವನು ಸಾಧುವೋ ಕಳ್ಳನೋ ಎಂಬ ಪ್ರಶ್ನೆಯೇ ಬಹುಮಟ್ಟಿಗೆ ಏಳದಂತೆ ಮಾಡಿದ್ದಾರೆ. ಇದು ಮಿರರ್ ನಡೆಸುವವರ ಮೇಲಿನ ಅಪನಂಬಿಕೆ ಎಂದು ಕೆಲವರಿಗೆ ಅನಿಸಬಹುದು. ನನಗೆ ಇದು ಅವರಿಗೆ ತೋರಿಸಿದ ಮರ್ಯಾದೆಯಾಗಿ ಕಾಣುತ್ತದೆ: ನೀವು ಹೊರೆ ಹೊರಿ, ಜಗತ್ತಿನ ಎಲ್ಲ ಕಳ್ಳರನ್ನು ತಡೆಯುವ ಜವಾಬ್ದಾರಿಯನ್ನು ನಿಮ್ಮೊಬ್ಬರ ತಲೆಗೆ ಕಟ್ಟುವುದಿಲ್ಲ ಎಂದಂತೆ.

ಆದರೂ ಸಹಿಯೊಂದೇ ಸಾಲದು, ಮತ್ತು ಅದು ಸಾಲದಿರುವ ರೀತಿ ನನಗೆ ತುಂಬ ಕುತೂಹಲದ್ದು. 2008ರಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲದ ಒಂದು ಕಂಪನಿ, ಇಲ್ಲದ ಒಬ್ಬ ನಿರ್ವಾಹಕನ ಹೆಸರಿನಲ್ಲಿ ಸರ್ವರ್ ಬಾಡಿಗೆಗೆ ಹಿಡಿದು ಅರ್ಜಿ ಹಾಕಿದರು. ಉಬುಂಟು, ಫೆಡೋರಾ, ಡೆಬಿಯನ್ ಸೇರಿ ಐದು ಲಿನಕ್ಸ್ ವಿತರಣೆಗಳ ಅಧಿಕೃತ ಮಿರರ್ ಪಟ್ಟಿಗೆ ಅದು ಸೇರಿಯೂಬಿಟ್ಟಿತು. ಸಾವಿರಾರು ಯಂತ್ರಗಳು ಅದರ ಬಾಗಿಲಿಗೆ ಬಂದವು, ಅದರಲ್ಲಿ ಸರ್ಕಾರಿ ಮತ್ತು ಸೇನಾ ಯಂತ್ರಗಳೂ ಇದ್ದವು. ಅಂಥ ಮಿರರ್ ಕೆಟ್ಟವರ ಕೈಯಲ್ಲಿದ್ದರೆ ಒಂದೂ ಸುಳ್ಳು ಹೇಳದೆ ಕೇಡು ಮಾಡಬಹುದು ಎಂಬುದು ಅವರ ಶೋಧನೆಯ ಮುಖ್ಯ ಅಂಶ. ಹೇಗೆಂದರೆ, ಹೊಸದನ್ನು ತರುವುದನ್ನು ನಿಲ್ಲಿಸಿಬಿಟ್ಟರಾಯಿತು. ಅಲ್ಲಿರುವ ಪ್ರತಿ ಕಡತವೂ ಅಸಲಿ, ಪ್ರತಿ ಸಹಿಯೂ ಸರಿ, ಆದರೆ ಎಲ್ಲವೂ ಮೂರು ತಿಂಗಳ ಹಿಂದಿನದು. ಈ ನಡುವೆ ಪತ್ತೆಯಾಗಿ ಮುಚ್ಚಿದ ತೂತುಗಳು ನಿಮ್ಮ ಯಂತ್ರದಲ್ಲಿ ಮಾತ್ರ ತೆರೆದೇ ಇರುತ್ತವೆ, ಮತ್ತು ನಿಮಗೆ 'ಎಲ್ಲ ಹೊಸದಾಗಿದೆ' ಎಂಬ ಸಂದೇಶ ಬರುತ್ತಿರುತ್ತದೆ.

ಸತ್ಯ ಹೇಳುವುದೆಂದರೆ ನಿಜವಾದ ಮಾತನ್ನು ಹೇಳುವುದು ಎಂದುಕೊಂಡವರಿಗೆ ಈ ಉದಾಹರಣೆ ತಲೆನೋವು ತರಬೇಕು. ಹಳೆಯ ಸತ್ಯವನ್ನು ಇಂದಿನದೆಂದು ಕೊಡುವುದು ಸುಳ್ಳಲ್ಲವೇ? ಊರಿಗೆ ಫೋನ್ ಮಾಡಿದಾಗ 'ಅಪ್ಪ ಹೇಗಿದ್ದಾರೆ' ಎಂದು ಕೇಳಿದರೆ 'ಚೆನ್ನಾಗಿದ್ದಾರಪ್ಪ' ಎಂಬ ಉತ್ತರ ಬರುತ್ತದೆ. ಅದು ಹೋದ ವಾರದ ಮಟ್ಟಿಗೆ ನಿಜವಿರುತ್ತದೆ. ದೂರದಲ್ಲಿರುವ ನಮಗೆ ಈ ಬಗೆಯ ಸತ್ಯದ ಪರಿಚಯ ಬೇರೆಯವರಿಗಿಂತ ಸ್ವಲ್ಪ ಹೆಚ್ಚೇ ಇದೆ. ಡೆಬಿಯನ್‌ನವರು ಭದ್ರತಾ ಪರಿಷ್ಕರಣೆಗಳ ಪಟ್ಟಿಯ ಮೇಲೆ ಹಾಲಿನ ಪ್ಯಾಕೆಟ್ಟಿನ ಮೇಲಿರುವಂತೆ 'ಇಂಥ ದಿನದವರೆಗೆ ಮಾತ್ರ' ಎಂದು ಬರೆದು, ಆ ಬರಹವನ್ನೂ ಸಹಿಯೊಳಗೆ ಸೇರಿಸುತ್ತಾರೆ. ಗಡುವು ದಾಟಿದರೆ ಸಹಿ ಸರಿಯಿದ್ದರೂ ಯಂತ್ರ ತಕರಾರು ತೆಗೆಯುತ್ತದೆ. ಇದಲ್ಲದೆ ಪ್ರತಿ ಮಿರರ್ ತಾನು ಕೊನೆಯ ಬಾರಿ ಮೂಲದೊಂದಿಗೆ ತಾಳೆಯಾದ ಹೊತ್ತನ್ನು ಒಂದು ಪುಟ್ಟ ಕಡತದಲ್ಲಿ ಬರೆದಿಡಬೇಕು, ಯಾರು ಬೇಕಾದರೂ ತೆರೆದು ನೋಡಬಹುದು. ಹೊಸದನ್ನು ತರುವುದಕ್ಕೂ ಒಂದು ಕ್ರಮವಿದೆ: ಮೊದಲು ಪ್ಯಾಕೇಜುಗಳು, ಅವೆಲ್ಲ ಬಂದ ಮೇಲೆ ಪಟ್ಟಿ. ಅಡುಗೆ ಆಗುವ ಮೊದಲೇ ಎಲೆ ಹಾಕಿ ಕೂರಿಸಬಾರದು ಎಂಬ ಸೌಜನ್ಯ.

ಇಷ್ಟೆಲ್ಲ ಹೇಳಿದ ಮೇಲೂ ಹಂಚುವ ಕೈಯ ವಿಷಯ ಬಾಕಿ ಉಳಿದಿದೆ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್‌ನ ತಾಣಕ್ಕೆ ನುಗ್ಗಿದವರು ಮಿರರ್‌ಗಳನ್ನು ಮುಟ್ಟಲೇ ಇಲ್ಲ. ತಾಣದಲ್ಲಿದ್ದ ಕೊಂಡಿಯನ್ನು ಮಾತ್ರ ಬದಲಿಸಿ, ಬಲ್ಗೇರಿಯಾದ ಒಂದು ಸರ್ವರಿನಲ್ಲಿ ತಾವು ಇಟ್ಟ ಕೆಟ್ಟ ಕಡತದ ಕಡೆಗೆ ತಿರುಗಿಸಿದರು. ಎಲ್ಲ ಮಿರರ್‌ಗಳೂ ಶುದ್ಧವಾಗಿದ್ದವು, ತಿರುಗಿದ್ದು ಕೈಕಂಬ. ಕಡತದ ಬೆರಳಚ್ಚನ್ನು ಅದೇ ಪುಟದಲ್ಲಿ ಅಚ್ಚು ಹಾಕಿ 'ಪರೀಕ್ಷಿಸಿಕೊಳ್ಳಿ' ಎನ್ನುವುದರ ಟೊಳ್ಳುತನವೂ ಇಲ್ಲಿ ಗೊತ್ತಾಗುತ್ತದೆ. ಕೊಂಡಿ ಬದಲಿಸಬಲ್ಲವನಿಗೆ ಅದರ ಪಕ್ಕದ ಅಂಕಿಗಳನ್ನು ಬದಲಿಸುವುದು ಏನು ಮಹಾ? ಅಳೆಯುವ ಕೋಲು ಬೇರೆಯವರ ಕೈಯಲ್ಲಿರಬೇಕು.

ಹೊಸ ಊರಿಗೆ ಬಂದವರಿಗೆ ಕೈಕಂಬದ ಬೆಲೆ ಗೊತ್ತು. ಪುಣೆಗೋ ಮುಂಬಯಿಗೋ ಬಂದಿಳಿದ ಹುಡುಗನಿಗೆ ರೂಮು ಎಲ್ಲಿ, ಡಾಕ್ಟರು ಯಾರು ಎಂದು ಹೇಳುವವರು ಎರಡು ಥರ ಇರುತ್ತಾರೆ. 'ಅಲ್ಲೆಲ್ಲೋ ಸಿಗತ್ತೆ, ನೋಡಿ' ಎನ್ನುವವರು ಒಂದು ಥರ. 'ಅಲ್ಲಿಗೆ ಹೋಗಿ, ನನ್ನ ಹೆಸರು ಹೇಳಿ' ಎನ್ನುವವರು ಇನ್ನೊಂದು. ಎರಡನೆಯವರು ಆ ರೂಮಿನ ಮಾಲೀಕರಲ್ಲ, ಅದರಿಂದ ಅವರಿಗೆ ಒಂದು ಪೈಸೆ ಲಾಭವೂ ಇಲ್ಲ, ಆದರೂ ಅಲ್ಲಿ ಮೋಸವಾದರೆ ಅದು ತಮ್ಮ ಹೆಸರಿಗೆ ತಾಗುತ್ತದೆ ಎಂದು ಒಪ್ಪಿಕೊಂಡೇ ಕಳಿಸಿರುತ್ತಾರೆ. ತಂತ್ರಾಂಶ ಯೋಜನೆಯೊಂದು ತನ್ನ ಪುಟದಲ್ಲಿ, ತನ್ನ ಹೆಸರಿನಡಿ ಡೌನ್‌ಲೋಡ್ ಗುಂಡಿ ಇಟ್ಟಾಗ ಅದು ಎರಡನೆಯ ಥರದ ಮಾತನ್ನು ಆಡಿದೆ ಎಂಬುದು ನನ್ನ ವಾದ. ಹೊರೆಯನ್ನು ಎಷ್ಟು ಜನಕ್ಕೆ ಬೇಕಾದರೂ ಹಂಚಲಿ, ಕಳಿಸಿದ ಹೊಣೆ ಹಂಚಿಕೆಯಾಗುವುದಿಲ್ಲ. ನೂರು ಮಿರರ್ ಇದ್ದರೆ ನೂರಕ್ಕೂ ಇಡಿಯಾಗಿಯೇ ಇರುತ್ತದೆ. ಪುಕ್ಕಟೆ ಎಂಬುದು ಹಣದ ಲೆಕ್ಕವನ್ನು ಮುಗಿಸಬಹುದು, ಇದನ್ನು ಮುಗಿಸುವುದಿಲ್ಲ. ಯಾಕೆಂದರೆ ಆಯ್ಕೆ ಮಾಡುವ ಅವಕಾಶವನ್ನು ನಮ್ಮಿಂದ ತೆಗೆದುಕೊಂಡಿದ್ದಾರೆ, ಅದೂ ನಮಗೆ ಗೊತ್ತಾಗದ ಹಾಗೆ.

ಆ ಹೊಣೆಯನ್ನು ಬಳಸುವವನ ತಲೆಗೆ ದಾಟಿಸುವುದು ಸುಲಭದ ದಾರಿ. ಟರ್ಮಿನಲ್ ತೆರೆದು ಬೆರಳಚ್ಚು ತಾಳೆ ನೋಡಿ ಎಂದು ಒಂದು ಸಾಲು ಬರೆದುಬಿಟ್ಟರೆ ಕರ್ತವ್ಯ ಮುಗಿಯಿತು. ಅದನ್ನು ಮಾಡುವವರು ಎಷ್ಟು ಜನ? ನಮ್ಮ ಮನೆಗಳಲ್ಲಿ ಯಾರು ಮಾಡುತ್ತಾರೆ, ನೀವೇ ಹೇಳಿ. ಹ್ಯಾಂಡ್‌ಬ್ರೇಕ್ ಪ್ರಸಂಗದಲ್ಲೇ ಇದಕ್ಕೆ ಒಳ್ಳೆಯ ಉತ್ತರ ಅಡಗಿತ್ತು. ಅದರ 1.0 ಮತ್ತು ಅನಂತರದ ಆವೃತ್ತಿಗಳಲ್ಲಿ, ತಂತ್ರಾಂಶದ ಒಳಗಿಂದಲೇ ಹೊಸ ಆವೃತ್ತಿ ತರಿಸಿಕೊಂಡವರಿಗೆ ಏನೂ ಆಗಲಿಲ್ಲ. ಅಲ್ಲಿ ಸಹಿಯ ಪರೀಕ್ಷೆ ತಾನಾಗಿಯೇ ನಡೆಯುತ್ತಿತ್ತು, ಹೊಂದದ ಕಡತ ಇನ್‌ಸ್ಟಾಲ್ ಆಗುತ್ತಿರಲಿಲ್ಲ. 0.10.5 ಮತ್ತು ಅದಕ್ಕೂ ಹಿಂದಿನ ಆವೃತ್ತಿಗಳಿಗೆ ಆ ರಕ್ಷಣೆ ಇರಲಿಲ್ಲ. ಅವರಲ್ಲಿ ಯಾರೂ ಹೆಚ್ಚು ಬುದ್ಧಿವಂತರಲ್ಲ, ಹೆಚ್ಚು ಜಾಗರೂಕರೂ ಅಲ್ಲ. ಒಂದು ಗುಂಪಿನ ಪರವಾಗಿ ಬೇರೆ ಯಾರೋ ಮೊದಲೇ ಮೊಳ ಹಾಕಿ ನೋಡಿದ್ದರು.

ಕೈಕಂಬವನ್ನೇ ಕಿತ್ತುಹಾಕಿದರೆ ಏನಾಗುತ್ತದೆ ಎಂಬುದನ್ನೂ ನಾವು ಭಾರತದಲ್ಲಿ ಕಂಡಿದ್ದೇವೆ. 2022ರಲ್ಲಿ ವಿಡಿಯೋಲ್ಯಾನ್ ತಾಣಕ್ಕೆ ನಮ್ಮ ದೇಶದಲ್ಲಿ ತಡೆ ಬಿತ್ತು. ತಂತ್ರಾಂಶ ಬರೆದವರಿಗೂ ಕಾರಣ ತಿಳಿಸಿರಲಿಲ್ಲ. ಯಂತ್ರದಲ್ಲಿ ಆಗಲೇ ಇದ್ದ ವಿಎಲ್‌ಸಿ ಕೆಲಸ ಮಾಡುತ್ತಿತ್ತು, ಆದರೆ ಹೊಸಬರಿಗೆ ಮೂಲ ಬಾಗಿಲು ಮುಚ್ಚಿತ್ತು. ಬೇಕಾದವರು ಹುಡುಕಿಕೊಂಡು ಇನ್ಯಾವುದೋ ತಾಣಕ್ಕೆ ಹೋದರು, ಅಲ್ಲಿ ಸಿಕ್ಕದ್ದನ್ನು ಇಳಿಸಿಕೊಂಡರು. ಇದರಿಂದಲೇ ಅಪಾಯ ಹೆಚ್ಚು ಎಂದು ವಿಡಿಯೋಲ್ಯಾನ್‌ನವರು ತಲೆ ಚಚ್ಚಿಕೊಂಡರು. ಅಕ್ಟೋಬರಿನಲ್ಲಿ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ನೆರವಿನಿಂದ ಸರ್ಕಾರಕ್ಕೆ ನೋಟಿಸು ಹೋಯಿತು, ನವೆಂಬರಿನಲ್ಲಿ ತಡೆ ತೆರವಾಯಿತು.

ಈಚೆಗೆ ಮಿರರ್‌ಗಳ ಕಾಲವೇ ಮುಗಿಯುತ್ತಿದೆ ಎಂಬ ಮಾತು ಕೇಳಿಬರುತ್ತದೆ. ಡೆಬಿಯನ್ ಈಗ ಒಂದೇ ಹೆಸರಿನ ವಿಳಾಸ ಕೊಡುತ್ತದೆ, ಅದರ ಹಿಂದೆ ಫಾಸ್ಟ್ಲಿಯಂಥ ದೊಡ್ಡ ಕಂಪನಿಯ ಜಾಲವಿದೆ. ವೇಗ ಹೆಚ್ಚು, ತಲೆನೋವು ಕಡಿಮೆ, ಹಳಸಿದ ಪ್ರತಿಯ ಭಯವೂ ಕಡಿಮೆ. ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ಕಾಲೇಜೊಂದರ ಹುಡುಗರು ರಾತ್ರಿ ಕೂತು ಡಿಸ್ಕ್ ಬದಲಿಸಿ ಅಪರಿಚಿತರಿಗೆ ನೀರಿಡುವ ಅಭ್ಯಾಸ ಹಾಗೆ ಹೋದರೆ ಮತ್ತೆ ಸುಲಭಕ್ಕೆ ಬರುವುದಿಲ್ಲ. ನೂರು ಕೈಗಳಿದ್ದಾಗ ಯಾವುದನ್ನೂ ಕುರುಡಾಗಿ ನಂಬಬಾರದೆಂದು ಸಹಿ, ಗಡುವು, ತಾಳೆ ಎಲ್ಲವನ್ನೂ ಕಟ್ಟಿದೆವು. ಕೈ ನಾಲ್ಕಕ್ಕೆ ಇಳಿದು, ಆ ನಾಲ್ಕೂ ದೊಡ್ಡ ಹೆಸರಿನವಾದಾಗ, ಪರೀಕ್ಷಿಸುವ ಅಭ್ಯಾಸವನ್ನು ಉಳಿಸಿಕೊಳ್ಳುತ್ತೇವೋ ಇಲ್ಲವೋ ಕಾದು ನೋಡಬೇಕು. ಸದ್ಯಕ್ಕಂತೂ ಆಪ್ಟ್ ಫಾಸ್ಟ್ಲಿಯಿಂದ ಬಂದದ್ದನ್ನೂ ಕಾನ್ಪುರದಿಂದ ಬಂದದ್ದನ್ನೂ ಒಂದೇ ಕೋಲಿನಿಂದ ಅಳೆಯುತ್ತಿದೆ.